ಜ್ವರ ಬಿಟ್ಟ ಮ್ಯಾಲ

ಸುಲ್ತಾನ್ ಬಜಾರ್, ಹೈದರಾಬಾದ್
14 ಜುಲೈ 1935

ಪ್ರಿಯ ನೀಲಾ,

ಉಸ್ತಾದ ಮಜೀದಸಾಬರು ನನ್ನನ್ನು ತಮ್ಮ ಚಿತ್ರಶಾಲೆಗೆ ಸೇರಿಸಿಕೊಂಡರೆಂದು ಹೋದ ಸಲ ಬರೆದಿದ್ದೆ. ನಿನ್ನೆ ಅವರು ನನ್ನ ಎರಡು ವರ್ಷದ ಕೆಲಸವನ್ನೆಲ್ಲ ಗೋಡೆಗುಂಟ ನಿಲ್ಲಿಸಿ ನೋಡಿದರು. ಕೊಳದ ದಂಡೆಯ ಸುಂದರಿಯರು, ಹಂಸ, ಬೆಳದಿಂಗಳು. ಕೊನೆಗೆ, "ಸಾಯಬಣ್ಣ, ಈ ಹೆಂಗಸರನ್ನ ನೀನು ಎಲ್ಲಿ ಕಂಡಿ?" ಎಂದರು.

"ಕ್ಯಾಲೆಂಡರಿನಲ್ಲಿ" ಎಂದೆ.

ಅವರು ನಗಲಿಲ್ಲ. "ಕೈ ಚಲೋ ಅದ. ಕಣ್ಣು ಮಾತ್ರ ಬಾಡಿಗೆಯದು. ಒಂದು ಚಿತ್ರ ನಿನ್ನ ಮನೆಯ ಒಳಗಿಂದ ತಗೊಂಡು ಬಾ. ಇಲ್ಲದಿದ್ದರೆ ಫೋಟೋ ಅಂಗಡಿಯಲ್ಲೇ ಇರು" ಎಂದರು.

ಫೋಟೋ ಅಂಗಡಿಯ ನನ್ನ ಕೆಲಸ ನಿನಗೆ ಗೊತ್ತಲ್ಲ, ಹಗಲೆಲ್ಲ ಸತ್ತ ಜಮೀನ್ದಾರರ ಮೀಸೆಗೆ ಕಪ್ಪು ಹಚ್ಚುವುದು. ದಸರೆ ಕಳೆದ ಮೇಲೆ ಇಲ್ಲಿ ದೊಡ್ಡ ಚಿತ್ರ ಪ್ರದರ್ಶನವಿದೆ. ಮೊದಲ ಬಾರಿಗೆ ನಮ್ಮಂಥ ಹೊಸಬರಿಗೆ ಒಂದು ಕೋಣೆ ಬಿಟ್ಟಿದ್ದಾರೆ. ಅಲ್ಲಿ ನನ್ನ ಹೆಸರು ಎದ್ದರೆ ಎದ್ದಿತು, ಇಲ್ಲವಾದರೆ ಇಲ್ಲ. ಆದರೆ ಮನೆಯ ಒಳಗಿಂದ ಏನು ತರಲಿ? ಕಣ್ಣು ಮುಚ್ಚಿದರೆ ಮನೆ ಕಾಣುವುದೇ ಇಲ್ಲ.

ಅವ್ವ ಹೇಗಿದ್ದಾಳೆ? ಕಲ್ಯಾಣನಿಗೆ ನಾಲ್ಕು ತುಂಬಿತಲ್ಲ?

ನಿನ್ನ
ಸಾಯಬಣ್ಣ


ಚಿತ್ತಾಪುರ
9 ಆಗಸ್ಟ್ 1935

ಕಲ್ಯಾಣನ ಅಪ್ಪಗ ನೀಲಾಬಾಯಿ ಮಾಡುವ ಶರಣು ಶರಣಾರ್ಥಿ.

ನಿಮ್ಮ ಪತ್ರ ಮುಟ್ಟಿತು. ನಿಮ್ಮವ್ವಗ ಓದಿ ಹೇಳಿದೆ. ಮತ್ತೊಮ್ಮೆ ಓದು ಅಂದ್ರು, ಓದಿದೆ. ಅವರಿಗೆ ಅಕ್ಷರ ಬರಂಗಿಲ್ಲ. ನಾ ಓದಿದ್ದೇ ಅವರಿಗೆ ನಿಮ್ಮ ದನಿ.

ಕಲ್ಯಾಣಗ ನಾಲ್ಕಲ್ಲ, ಐದು ತುಂಬ್ಯಾವ. ಪಂಚಮಿ ದಿನ ಜೋಕಾಲಿ ಆಡ್ಲಿಕತ್ತಿದ್ದಾವ ತಾನೇ ಇಳಿದು "ಯವ್ವಾ, ಚಳಿ" ಅಂತ ಬಂದ. ಅವತ್ತು ಹತ್ತಿದ ಜ್ವರ ಇನ್ನೂ ಇಳಿದಿಲ್ಲ. ಹಾಸಿಗಿ ಮ್ಯಾಲ ನಿಲ್ಲಂಗಿಲ್ಲ. ಉರುಳಿ ಬಂದು ಶಹಾಬಾದ ಕಲ್ಲಿನ ನೆಲಕ್ಕ ಗಲ್ಲ ಹಚ್ಚಿ ಮಲಗ್ತಾನ. ಮುಂಜಾನಿ ಬೆಳಕಿಂಡಿಯಿಂದ ಬಿಸಿಲು ಬೀಳ್ತದಲ್ಲ, ಆ ಬಿಸಿಲಾಗ ಅವನ ಕಿವಿ ದಾಸವಾಳದ ಎಸಳಿನಂಗ ಆಚಿಂದೀಚಿ ಕಾಣ್ತದ. ಎತ್ತಿಕೊಂಡ್ರ ಕಲ್ಲಿನ ಮ್ಯಾಲ ಗಲ್ಲದ ಹಬಿ ಗುರುತು ಜರಾ ಹೊತ್ತು ಉಳೀತದ. ಆಮ್ಯಾಲ ಆರಿ ಹೋಗ್ತದ.

ಹಕೀಮರು ಪುಡಿ ಕೊಟ್ಟು ಕೊಟ್ಟು ನಿನ್ನೆ ಕೈ ಚೆಲ್ಲಿದ್ರು. "ಈ ಬುಖಾರ ನನ್ನ ಕೈಯಾಗಿನದಲ್ಲ ಬೇಟಿ, ಶಹರದ ದೊಡ್ಡ ದವಾಖಾನಿಗೆ ಒಯ್ಯಿ" ಅಂದ್ರು.

ನೀವು ಬಂದು ಕರ್ಕೊಂಡು ಹೋಗ್ರಿ. ಬರಾಕ ಆಗಲಿಲ್ಲಂದ್ರ ನಾನೇ ಕೂಸನ್ನ ಕಟ್ಟಿಕೊಂಡು ಗಾಡಿ ಹತ್ತತೀನಿ, ನೀವು ನಾಂಪಲ್ಲಿ ಸ್ಟೇಷನ್ನಿಗೆ ಬಂದು ನಿಂದರ್ರಿ. ಬಾಜೂ ಮನಿ ಗನಿಸಾಬ ಟಾಂಗಾದಾಗ ಸ್ಟೇಷನ್ ತನಕ ಬಿಡ್ತಾನಂತ. ತಡಾ ಮಾಡಬ್ಯಾಡ್ರಿ.

ನೀಲಾಬಾಯಿ


ಹೈದರಾಬಾದ್
14 ಆಗಸ್ಟ್ 1935

ಪ್ರಿಯ ನೀಲಾ,

ಕಲ್ಯಾಣನ ಜ್ವರದ ಸುದ್ದಿ ಓದಿ ಮನಸ್ಸಿಗೆ ಕೆಡುಕೆನಿಸಿತು. ಮಳೆಗಾಲದ ಜ್ವರ ಅದು. ಚಿಕ್ಕಂದಿನಲ್ಲಿ ನನಗೂ ಬರುತ್ತಿತ್ತು, ಅವ್ವನನ್ನು ಕೇಳು.

ಆದರೆ ನೀಲಾ, ನೀನು ಬರೆದದ್ದು! ಕಲ್ಲಿನ ಮೇಲೆ ಗಲ್ಲದ ಹಬೆ! ಆ ನಾಲ್ಕು ಸಾಲನ್ನು ಉರ್ದುವಿಗೆ ತಿರುಗಿಸಿ ಉಸ್ತಾದರಿಗೆ ಹೇಳಿದೆ. ಅವರು ಹುಕ್ಕಾ ಕೆಳಗಿಟ್ಟು ಎದ್ದು ನಿಂತರು. "ಇದೇ ನಿನ್ನ ಚಿತ್ರ, ಬೇರೆ ಹುಡುಕಬೇಡ. ಇದನ್ನ ಕಂಡ ಕಣ್ಣು ಯಾರದು?" ಎಂದರು. ನನ್ನದೇ, ಊರಿಗೆ ಹೋದಾಗ ಕಂಡದ್ದು ಎಂದುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಮನೆಯ ಹೆಂಗಸಿನ ಮಾತು ನಾಲ್ಕು ಮಂದಿಯ ಮುಂದೆ ಯಾಕೆ ಅಂತ.

ನೀನು ಈಗ ಬರುವುದು ಬೇಡ. ಒಂದು ಕೋಣೆಯಲ್ಲಿ ನಾವು ನಾಲ್ವರಿದ್ದೇವೆ, ಎಲ್ಲರೂ ಗಂಡಸರು. ನಿನ್ನನ್ನು ಎಲ್ಲಿ ಇಳಿಸಲಿ? ದವಾಖಾನೆಯಲ್ಲಿ ದಿನವೆಲ್ಲ ಕಾಯಬೇಕು. ನಾನು ಅಲ್ಲಿ ಕುಳಿತರೆ ಚಿತ್ರ ಯಾರು ಬರೆಯುತ್ತಾರೆ? ದಸರೆ ಮುಗಿಯಲಿ, ನಾನೇ ಬಂದು ಕರೆತರುತ್ತೇನೆ.

ಅಷ್ಟರಲ್ಲಿ ಇದನ್ನು ಬರೆ. ಜ್ವರದಲ್ಲಿ ಅವನ ಕಣ್ಣುರೆಪ್ಪೆ ಯಾವ ಬಣ್ಣ? ತುಟಿ ಒಡೆದಿದೆಯೇ? ಮಲಗಿದಾಗ ಕೈ ಮುಷ್ಟಿಯೋ, ಬಿಚ್ಚಿದೆಯೋ? ಬಿಸಿಲು ಬಲಗಡೆಯಿಂದಲೋ ಎಡಗಡೆಯಿಂದಲೋ? ಬೇಗ ಬರೆ.

ನಿನ್ನ
ಸಾಯಬಣ್ಣ


ಚಿತ್ತಾಪುರ
20 ಆಗಸ್ಟ್ 1935

ಕಲ್ಯಾಣನ ಅಪ್ಪಗ ಶರಣು.

ಕಣ್ಣುರೆಪ್ಪಿ ಕುದಿಸಿದ ನೇರಳಿ ಬಣ್ಣ. ತುಟಿ ಒಡದಾದ, ನಡುವ ಒಂದು ಸೀಳು. ಕೈ ಬಿಚ್ಚೇ ಇರ್ತದ. ಮುಷ್ಟಿ ಮಾಡೂ ಶಕ್ತಿ ಇಲ್ಲ. ಬಿಸಿಲು ಎಡಕಿನಿಂದ.

ಮೊನ್ನಿ ನಿಮ್ಮ ಪತ್ರ ಓದೂದು ಕೇಳಿಸಿಕೊಂಡಿದ್ದ. "ಅಪ್ಪ ಯಾಕ ಬರಂಗಿಲ್ಲಂತ?" ಅಂದ.

"ನಿನ್ನ ಚಿತ್ರ ತೆಗೀಲಿಕತ್ತಾರಪ್ಪ."

"ಅಲ್ಲಿಂದೇ?"

"ಅಲ್ಲಿಂದೇ."

"ಹಂಗಾರ ನಾ ಅಲುಗಾಡಬಾರದೇನು?"

ಅವತ್ತಿನಿಂದ ಅಲುಗಾಡದಂಗ ಮಲಗ್ತಾನ. ಮೂಗಿನ ಮ್ಯಾಲ ನೊಣ ಕುಂತ್ರೂ ಹೊಡಕೊಳ್ಳಂಗಿಲ್ಲ. ಖುರ್ಷಿದಬೇಗಂ, ಗನಿಸಾಬನ ಹೇಣ್ತಿ, ಅದನ್ನ ನೋಡಿ ಸೆರಗು ಬಾಯಿಗಿಟ್ಟುಕೊಂಡು ಹೊರಗ ಹೋದಳು.

ನೀವು ಕೇಳಿದ್ದಕ್ಕೆಲ್ಲಾ ಬರದೀನಿ. ನಾ ಕೇಳೂದು ಒಂದೇ. ಬರ್ರಿ, ಇಲ್ಲಂದ್ರ ಬಾ ಅನ್ರಿ. ನಾಲ್ಕು ಗಂಡಸರ ನಡುವ ಒಂದು ಮೂಲಿ ಸಾಕು ನನಗ. ನೀರು ಕುಡಿದ್ರೂ ಹೊಟ್ಟ್ಯಾಗ ನಿಲ್ಲವಲ್ದು ಅವಗ.

ನೀಲಾಬಾಯಿ


ಹೈದರಾಬಾದ್
27 ಆಗಸ್ಟ್ 1935

ನೀಲಾ,

ಚಿತ್ರ ಶುರುವಾಗಿದೆ. ನೇರಳೆಯ ಮಾತು ಎಷ್ಟು ಸರಿ! ಎಣ್ಣೆಬಣ್ಣ ಬಿಟ್ಟು ಊರಿನ ಕೆಮ್ಮಣ್ಣು, ಸುಣ್ಣ, ಕಾಡಿಗೆ ಅರೆದು ಬರೆಯುತ್ತಿದ್ದೇನೆ. ಹೀಗೆ ಯಾರೂ ಮಾಡಿಲ್ಲವೆಂದು ಗೆಳೆಯರೆಲ್ಲ ಬಂದು ನೋಡುತ್ತಿದ್ದಾರೆ. ನನಗೆ ದಾರಿ ಸಿಕ್ಕಿತು.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಬರ್ರಿ ಬರ್ರಿ ಎಂದು ಬರೆದದ್ದನ್ನು ಓದಿದ ದಿನ ಕುಂಚ ಜಾರಿ ಹುಬ್ಬು ಕೆಟ್ಟಿತು, ಮುಖವನ್ನೆಲ್ಲ ಕೆರೆದು ತೆಗೆಯಬೇಕಾಯಿತು. ಎರಡು ದಿನದ ಕೆಲಸ ಹೋಯಿತು. ಚಿತ್ರ ಮುಗಿಯುವ ತನಕ ಮನಸ್ಸು ಕೆಡಿಸುವ ಸುದ್ದಿ ಬರೆಯಬೇಡ. ಕಂಡದ್ದಷ್ಟೇ ಬರೆ. ಏನೇ ಆಗಲಿ, ದಸರೆಗಿಂತ ಮೊದಲು ಹೊರಟು ಬರಬೇಡ. ಸ್ಟೇಷನ್ನಿಗೆ ನಾನು ಬರುವುದಿಲ್ಲ.

ಮತ್ತೆ, ನರಳುವ ಮುಖ ಬೇಡವೆಂದು ಉಸ್ತಾದರು ಹೇಳಿದರು. ನೋಡುವವರು ಮುಖ ತಿರುಗಿಸುತ್ತಾರಂತೆ. ಜ್ವರ ಇಳಿದು ಶಾಂತನಾದಾಗ ಅವನ ಮುಖ ಹೇಗಿರುತ್ತದೆ, ಅದನ್ನು ಬರೆ.

ಸಾಯಬಣ್ಣ


ಹೈದರಾಬಾದ್
12 ಸೆಪ್ಟೆಂಬರ್ 1935

ನೀಲಾ,

ಯಾಕೆ ಪತ್ರವಿಲ್ಲ? ಮೈ, ಬಟ್ಟೆ, ನೆಲ ಎಲ್ಲ ಆಗಿದೆ. ಮುಖದ ಜಾಗ ಖಾಲಿ ಇದೆ. ಗೆಳೆಯರು ಒಬ್ಬೊಬ್ಬರೇ ಮುಗಿಸುತ್ತಿದ್ದಾರೆ. ನಿನಗೆ ಸಿಟ್ಟು ಬಂದಿದ್ದರೆ ಆಮೇಲೆ ತೀರಿಸಿಕೊ. ಈಗ ಬರೆ.

ಸಾಯಬಣ್ಣ


ಚಿತ್ತಾಪುರ
17 ಸೆಪ್ಟೆಂಬರ್ 1935

ಶರಣು.

ಕೆಟ್ಟ ಸುದ್ದಿ ಬರೀಬ್ಯಾಡ, ಕಂಡದ್ದಷ್ಟೇ ಬರಿ ಅಂದೀರಿ. ಕಂಡದ್ದು ಬರೀತೀನಿ.

ಜ್ವರ ಬಿಟ್ಟಾದ. ಮೈ ತಣ್ಣಗ ಆಗ್ಯಾದ. ಈಗ ಅಳಂಗಿಲ್ಲ, ಏನೂ ಬೇಡಂಗಿಲ್ಲ. ಹಣಿ ಮ್ಯಾಲಿನ ಗೆರಿ ಎಲ್ಲಾ ಹೋಗಿ ನುಣ್ಣಗಾಗ್ಯಾವ. ನೇರಳಿ ಹೋಗಿ ರೆಪ್ಪಿ ಹಳೀ ಮೇಣದ ಬಣ್ಣಕ್ಕ ತಿರುಗ್ಯಾದ. ತುಟಿಯ ಸೀಳು ಕೂಡ್ಯಾದ. ನಿಮ್ಮವ್ವ ಮೈ ತೊಳದು, ಹೊಸಾ ಅಂಗಿ ಹಾಕಿ, ಹಣಿ ತುಂಬ ವಿಭೂತಿ ಹಚ್ಚಿ, ಪಡಸಾಲಿ ಗ್ವಾಡಿಗೆ ಆನಿಸಿ ಕುಂದ್ರಿಸಿದ್ರು. ಕೊರಳಿಗೆ ಚೆಂಡುಹೂ ಹಾಕಿದ್ರು. ತಲಿ ಜರಾ ಬಲಕ್ಕ ವಾಲಿತ್ತು. ಎರಡೂ ಕೈ ತೊಡಿ ಮ್ಯಾಲ, ಅಂಗೈ ಮ್ಯಾಲಕ್ಕ. ಬೆಳಕು ತಲಬಾಗಿಲಿಂದ ಬಂದು ನೆಟ್ಟಗ ಮುಖಕ್ಕ ಬಿದ್ದಿತ್ತು. ಓಣಿ ಮಂದಿ ಎಲ್ಲಾ ಬಂದು ನೋಡಿ ಹೋದ್ರು.

ಇಷ್ಟು ಶಾಂತ ಅವ ಹುಟ್ಟಿದಾಗಿಂದ ಇರಲಿಲ್ಲ.

ನೀಲಾಬಾಯಿ


ಹೈದರಾಬಾದ್
14 ಅಕ್ಟೋಬರ್ 1935

ನನ್ನ ಪ್ರೀತಿಯ ನೀಲಾ,

ಗೆದ್ದೆ! ಹೊಸಬರ ಕೋಣೆಯಲ್ಲಿ ಬಂಗಾರದ ಪದಕ ನನಗೇ. ನಿನ್ನ ಪತ್ರ ಬಂದ ದಿನ ಊಟ ಬಿಟ್ಟು ಕುಳಿತೆ, ಮುಖ ತಾನಾಗಿ ಬಂತು. ನೆಲದ ಮೇಲೆ ಮಲಗಿದ್ದ ಚಿತ್ರವನ್ನೇ ಅಳಿಸಿ, ನೀನು ಬರೆದಂತೆ ಗೋಡೆಗೆ ಒರಗಿ ಕುಳಿತವನನ್ನು ಬರೆದೆ. ಹೆಸರು 'ಜ್ವರ ಬಿಟ್ಟ ಮ್ಯಾಲ'. ನಮ್ಮೂರ ಮಾತಿನಲ್ಲೇ ಇಟ್ಟೆ. ಉಸ್ತಾದರು ಎಲ್ಲರೆದುರಿಗೆ ನನ್ನ ಹಣೆಗೆ ಮುತ್ತಿಟ್ಟರು. ಒಬ್ಬ ನವಾಬರು ನಿಂತಲ್ಲೇ ಅದನ್ನು ಕೊಂಡರು. ಕೂಸಿನ ಮುಖದಲ್ಲಿ ಇಂಥ ನೆಮ್ಮದಿ ತಾವು ಎಲ್ಲೂ ಕಂಡಿಲ್ಲ ಎಂದರು.

ಒಂದು ತಮಾಷೆ ಕೇಳು. ಯಾರೋ ಕಾಳಗಿಯ ಕಡೆಯ ಮುದುಕ, ನಮ್ಮವನೇ, ವಿಭೂತಿಯವನು, ಚಿತ್ರದ ಮುಂದೆ ಬಂದು ರುಮಾಲು ತೆಗೆದು ಕೈಮುಗಿದ. "ಯಾರ ಮನಿ ಕೂಸಪ್ಪ, ತೀರಿಕೊಂಡದ್ದು?" ಎಂದ. ನಾನು ನಕ್ಕು, "ಅಜ್ಜಾ, ನನ್ನ ಮಗ, ಗಟ್ಟಿ ಇದ್ದಾನೆ" ಎಂದೆ. ಅವನು ನನ್ನನ್ನೇ ನೋಡಿದ, ಚಿತ್ರವನ್ನು ನೋಡಿದ, ರುಮಾಲು ಸುತ್ತಿಕೊಂಡು ಹೋದ. ಹಳ್ಳಿಯವರಿಗೆ ಚಿತ್ರ ನೋಡುವ ರೂಢಿ ಎಲ್ಲಿಂದ ಬರಬೇಕು? ಗೆಳೆಯರಿಗೆ ಹೇಳಿ ಹೇಳಿ ನಕ್ಕೆವು.

ದೀಪಾವಳಿಗೆ ಬರುತ್ತೇನೆ. ಕಲ್ಯಾಣನಿಗೆ ಹೇಳು, ಇನ್ನು ಎಷ್ಟು ಬೇಕಾದರೂ ಅಲುಗಾಡಬಹುದು.

ನಿನ್ನ
ಸಾಯಬಣ್ಣ


ಚಿತ್ತಾಪುರ
19 ಅಕ್ಟೋಬರ್ 1935

ಸಾಯಬಣ್ಣ,

ಗಂಡನ ಹೆಸರು ಬರೀಬಾರದಂತ ಇಷ್ಟು ದಿನ ಮಗನ ಹೆಸರು ಹಿಡಿದು ಕರದೆ. ಈಗ ಹಂಗ ಕರಿಯೂಹಂಗಿಲ್ಲ.

ಆ ಅಜ್ಜ ಹೇಳಿದ್ದು ಖರೇ ಅದ. ಕಲ್ಯಾಣ ಗಣೇಶ ಚೌತಿ ಮರುದಿನ ಮುಂಜಾನಿ ತೀರಿಕೊಂಡ. ನಾ ಬರೆದದ್ದು ಮಣ್ಣಿಗೆ ಒಯ್ಯೂ ಮದ್ಲು ಕುಂದ್ರಿಸಿದ್ದು. ನಮ್ಮ ಮಂದ್ಯಾಗ ಯಾರನ್ನ ಹಂಗ ಗ್ವಾಡಿಗೆ ಆನಿಸಿ, ಹೂ ಹಾಕಿ ಕುಂದ್ರಸ್ತಾರ, ನಿಮಗ ಗೊತ್ತಿಲ್ಲೇನು? ನಿಮ್ಮಪ್ಪನ್ನ ಹಂಗೇ ಕುಂದ್ರಿಸಿದ್ದಿಲ್ಲೇನು? ನೀವು ಪಕ್ಕಕ್ಕೇ ನಿಂತಿದ್ರಿ. ಓದಿದ ಕೂಡ್ಲೇ ತಿಳೀತದ, ಓಡಿ ಬರ್ತಾರಂತ ಅಂದುಕೊಂಡಿದ್ದೆ. ದಿನಾ ಗಾಡಿ ಸಪ್ಪಳ ಕೇಳಿದೆ. ಪದಕ ಬಂತಂತ ಪತ್ರ ಬಂತು.

ಚೌತಿಗಿಂತ ಎರಡು ದಿನ ಮದ್ಲು ನಿಮ್ಮ ಮಾತು ಮೀರಿ ಹೊಂಟಿದ್ದೆ. ಗನಿಸಾಬನ ಟಾಂಗಾ ಬಾಗಿಲಿಗೆ ನಿಂತಿತ್ತು. ಕೂಸನ್ನ ಒಳಗ ಮಲಗಿಸಿದ್ದೆ. ಅಷ್ಟರಾಗ ಟಪಾಲಿನವ ಬಂದ. "ಓದು, ಬಾ ಅಂದಾನೇನು ನೋಡು" ಅಂದ್ರು ನಿಮ್ಮವ್ವ. 'ಬಾ ಅಂದಾರ' ಅಂತ ಒಂದು ಸುಳ್ಳು ಓದಿದ್ರ ಟಾಂಗಾ ಹೋಗ್ತಿತ್ತು. ನಾ ಇದ್ದದ್ದು ಇದ್ದಂಗ ಓದಿದೆ. "ಗಂಡ ಬ್ಯಾಡಂದ ಮ್ಯಾಲ ಹೆಂಗ ಹೋಗ್ತಿ?" ಅಂತ ಅವರು ಕೂಸನ್ನ ಇಳಿಸಿಕೊಂಡ್ರು.

ಅವ ತೀರಿದ ದಿನ "ತಾರ ಕೊಡಿಸು, ಮಗನ್ನ ಕರಿ" ಅಂದ್ರು. ಗನಿಸಾಬನ ಕೈಯಾಗ ಕೊಟ್ಟೀನಿ ಅಂದೆ. ಕೊಟ್ಟಿದ್ದಿಲ್ಲ. ಅವರು ಕತ್ತಲಾಗೂತನಕ ಮಣ್ಣು ಮಾಡಗೊಡಲಿಲ್ಲ, ಸ್ಟೇಷನ್ ಹಾದಿ ನೋಡಿದ್ರು. ಈಗ ದಿನಾ ದೀಪ ಹಚ್ಚಿ ನಿಮ್ಮ ಕೈ ಸೇದಿ ಒಣಗಿ ಹೋಗ್ಲಿ ಅಂತ ಶಾಪ ಹಾಕ್ತಾರ. ನಾ ಬಾಜೂಕ ಕುಂತು ಕೇಳ್ತೀನಿ. ತಾರ ಕೊಟ್ಟಿಲ್ಲಂತ ಹೇಳಂಗಿಲ್ಲ.

ನೀವು ಬರೀಬ್ಯಾಡ ಅಂದ್ರಿ, ಬರೀಲಿಲ್ಲ. ಚಿತ್ರ ಮುಗಿದಾದ. ಅದಕ್ಕ ಈಗ ಬರದೀನಿ.

ನೀಲಾಬಾಯಿ


ವಾಡಿ ಸ್ಟೇಷನ್
26 ಅಕ್ಟೋಬರ್ 1935

ನೀಲಾ,

ನಮ್ಮೂರ ಸ್ಟೇಷನ್ನಾಗ ಮದ್ಲ ಬಂದ ಗಾಡಿ ಹತ್ತಿದೆ. ಅದು ಹೈದರಾಬಾದಿಗಲ್ಲ, ವಾಡಿಗೆ ಬಂತು. ಇಲ್ಲಿ ಬಾಕಿನ ಮ್ಯಾಲ ಕುಂತು ಬರೀಲಿಕತ್ತೀನಿ.

ನಿನ್ನ ಪತ್ರ ಓದಿ ಮದ್ಲು ನವಾಬರ ಹವೇಲಿಗೆ ಹೋದೆ. ಚಿತ್ರ ಹಿಂದಕ್ಕ ಕೊಡ್ರಿ, ಅದು ನನ್ನ ಮಗ, ತೀರಿಕೊಂಡಾನ ಅಂದೆ. ಅವರು ಭಾಳ ದುಃಖ ಪಟ್ರು. ಶರಬತ್ತು ತರಿಸಿದ್ರು. "ಹಾಗಾದ್ರೆ ಅದು ಇನ್ನೂ ದೊಡ್ಡ ಚಿತ್ರ ಆಯ್ತು, ಹೆಂಗ ಕೊಡಲಿ?" ಅಂದ್ರು.

ಅಲ್ಲಿಂದ ಊರಿಗೆ ಬಂದೆ. ಅವ್ವ ನನ್ನ ಹೊಸ್ತಿಲದಾಗ ತಡದಳು. "ಯಾರವ್ರು?" ಅಂದಳು.

"ನಾನವ್ವ."

"ಕೂಸು ಸತ್ತ ತಾರಕ್ಕ ಬಾರದಾವ, ದೀಪಾವಳಿ ಹೋಳಿಗಿಗೆ ಬಂದಿಯೇನು?"

ಆಗ ನಾ ಹೇಳಿದೆ. "ತಾರ ಬಂದಿಲ್ಲವ್ವ. ನಿನ್ನ ಸೊಸಿ ಕಳಸೇ ಇಲ್ಲ. ಬೇಕಂತ ಮುಚ್ಚಿಟ್ಟಾಳ." ನೀ ಅಡಗಿ ಮನಿ ಬಾಗಿಲ್ದಾಗ ನಿಂತಿದ್ದಿ. ನಿನಗ ಕೇಳಲಿ ಅಂತಲೇ ಜೋರಾಗಿ ಅಂದೆ. ಅವ್ವ ನಿನ್ನ ಕಡೆ ತಿರುಗಿದಾಗ ಅಕಿ ಮುಖ ನೋಡಿದೆ. ಒಂದು ಗಳಿಗಿ ನನಗ ಸುಖ ಆತು. ಅದನ್ನ ನಿನಗ ಹೇಳಬೇಕು.

ಗನಿಸಾಬ ಕೂಸನ್ನ ಮಣ್ಣು ಮಾಡಿದ ಜಾಗ ತೋರಿಸಿದ. ಮ್ಯಾಲ ಒಂದು ಕಲ್ಲು ಹಾಸ್ಯಾನ. ಅದರ ಮುಂದ ಕುಂತೆ. ಅಳು ಬರಲಿಲ್ಲ. ಸಂಜಿ ಬೆಳಕು ಆ ಕಲ್ಲಿನ ಮ್ಯಾಲ ಹೆಂಗ ಬಿದ್ದಾದ, ನೆರಳು ಯಾವ ಬಣ್ಣ ಅದ ಅಂತ ನೋಡ್ಲಿಕತ್ತಿದ್ದೆ. ನನ್ನ ಮ್ಯಾಲ ನನಗ ಹೇಸಿಗಿ ಬಂತು. ಆದ್ರೂ ಕಣ್ಣು ತೆಗೀಲಿಲ್ಲ.

ಗಾಡಿ ಬಂತು.

ಸಾಯಬಣ್ಣ


ಹೈದರಾಬಾದ್
18 ಜನವರಿ 1936

ನೀಲಾ,

ಮೂರು ತಿಂಗಳು ಬರೆಯುವ ಧೈರ್ಯವಾಗಲಿಲ್ಲ. ಪತ್ರಿಕೆಯಲ್ಲಿ ನನ್ನ ಹೆಸರು ಬಂದಿದೆ. ಮಣ್ಣಿನ ಬಣ್ಣದ ಹೊಸ ದಾರಿಯವನು ಎಂದು ಬರೆದಿದ್ದಾರೆ. ಬೇಸಿಗೆಗೆ ಮುಂಬಯಿಯ ಪ್ರದರ್ಶನಕ್ಕೆ ಕರೆ ಬಂದಿದೆ.

ಆದರೆ ಬರೆದದ್ದೆಲ್ಲ ಸತ್ತೇ ಹುಟ್ಟುತ್ತಿದೆ. ಆ ಕಲ್ಲನ್ನು ಬರೆದೆ. ಸುಳ್ಳು ಎಂದು ಹರಿದೆ. ಎತ್ತಿನ ಬಂಡಿ ಬರೆದೆ, ಬಾವಿ ಬರೆದೆ. ಉಸ್ತಾದರು ನೋಡಿ, "ಮತ್ತೆ ಕ್ಯಾಲೆಂಡರಿಗೆ ಹೋದಿಯಲ್ಲ" ಎಂದರು. ಆ ಮೊದಲಿನ ಕಣ್ಣು ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಅದು ನಿನ್ನದೆಂದು ಅವರಿಗೆ ಇನ್ನೂ ಹೇಳಿಲ್ಲ.

ಕ್ಷಮಿಸು ಎನ್ನುವುದಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ಬರೆ. ನಮ್ಮದಲ್ಲ, ಅವನದಲ್ಲ. ಹಿತ್ತಲು, ಹತ್ತಿಯ ಬಂಡಿ, ಖುರ್ಷಿದಬೇಗಂ ಅಕ್ಕಿ ಆರಿಸುವುದು, ಏನಾದರೂ. ನೀನು ಕಂಡದ್ದನ್ನು ನಾಲ್ಕು ಸಾಲು ಬರೆ. ನನಗೆ ಏನೂ ಕಾಣುತ್ತಿಲ್ಲ.

ಸಾಯಬಣ್ಣ


ಚಿತ್ತಾಪುರ
2 ಫೆಬ್ರುವರಿ 1936

ಸಾಯಬಣ್ಣಗ,

ನಿಮ್ಮ ಪತ್ರ ನಿಮ್ಮವ್ವನ ಕೈಗೆ ಬಂತು. ನನಗ ಕೊಡಲಿಲ್ಲ. ಮಠದ ಅಯ್ಯನವರ ಕಡೆ ಒಯ್ದು ಓದಿಸಿಕೊಂಡು ಬಂದ್ರು. ನೀವು ಹೋದ ದಿನದಿಂದ ಅವರು ಅಂಗಳದಾಗ ಬ್ಯಾರೆ ಒಲಿ ಹೂಡ್ಯಾರ. ನಾ ತಂದ ನೀರು ಮುಟ್ಟಂಗಿಲ್ಲ. ನನ್ನ ಕೂಡ ಮಾತಿಲ್ಲ. ಇವತ್ತು ಪತ್ರ ನನ್ನ ಮುಂದ ಒಗದು "ಬರಿ" ಅಂದ್ರು. ಅವರು ಹೇಳಿದ್ದು ಹೇಳಿದಂಗ ಬರೀಲಿಕತ್ತೀನಿ.

"ಸಾಯಬಣ್ಣ, ಕೂಸು ನೆಲಾ ಹಿಡದಾಗ ನೀ ಬರಲಿಲ್ಲ. ಸತ್ತಾಗ ಇಕಿ ಹೇಳಲಿಲ್ಲ. ನಡುವ ನಾ ಹಡದಾಕಿ, ನನ್ನ ಮಗನ ಕೈ ಸೇದಿ ಒಣಗಿ ಹೋಗ್ಲಿ ಅಂತ ದಿನಾ ದೀಪದ ಮುಂದ ಬೇಡಿಕೊಂಡೆ. ಅದನ್ನ ಹೆಂಗ ಹಿಂದಕ್ಕ ತಗೋಬೇಕು ಅಂತ ಅಯ್ಯನವರಿಗೆ ಕೇಳಿದೆ. ಅವರಿಗೂ ತಿಳೀವಲ್ದು. ನಿನಗ ಶಾಪ ಹಾಕಿದೆ, ಇಕಿಗೆ ಹಾಕಿದೆ. ಟಾಂಗಾದಿಂದ ಕೂಸನ್ನ ಇಳಿಸಿಕೊಂಡಾಕಿ ನಾನು. ಅದಕ್ಕ ಯಾರಿಗೆ ಹಾಕಲಿ? ಇಕಿ ಇನ್ನ ನಿನಗ ಏನೂ ಬರಿಯಂಗಿಲ್ಲ. ನಾ ಬರಿಗೊಡಂಗಿಲ್ಲ. ನೀ ಕುರಡ ಆಗೇ ಇರು."

ಇಷ್ಟು ಹೇಳಿ "ಆತೇನು?" ಅಂದ್ರು. ಆತು ಅಂದೆ. "ಓದು" ಅಂದ್ರು. ಓದಿದೆ. ಕೈ ಚಾಚ್ಯಾರ. ಲಕೋಟಿ ಅಂಟಸಬ್ಯಾಡ ಅಂತಾರ. ತಾವು ಹೇಳಿದ್ದನ್ನೇ ನಾ ಬರದೀನೋ ಇಲ್ಲೋ ಅಯ್ಯನವರ ಕಡೆ ಓದಿಸಿ ನೋಡಿ, ಆಮ್ಯಾಲ ತಾವೇ ಹೋಗಿ ಟಪಾಲಿಗೆ ಹಾಕ್ತಾರಂತ.

ಬಾಗಿಲ್ದಾಗ ಕೋಲು ಹಿಡಕೊಂಡು ನಿಂತಾರ. ಕೊಡಬೇಕು.

ನೀಲಾಬಾಯಿ